ಕೀಲಿಕೈಯ ಕಬ್ಬಿಣ, ಮಿದುಳಿನ ಕಾಂತಕ್ಷೇತ್ರ

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯ ಸುತ್ತಮುತ್ತಲಷ್ಟೇ ಅಲ್ಲ, ನಾಡಿನ ಬಹಳ ಕಡೆ ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿಕೈ ಹಿಡಿಸುವ ರೂಢಿಯಿದೆ. ಹೆಚ್ಚಿನ ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ ಅದರ ಕೀರ್ತಿ ಕೀಲಿಕೈಗೆ ಸಲ್ಲುತ್ತದೆ. ಆ ಹೊತ್ತಿನಲ್ಲಿ ನಿಜಕ್ಕೂ ಬೇಕಾದದ್ದು ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದು.

ಕಬ್ಬಿಣದ ಮೇಲಿನ ಇಂಥ ನಂಬಿಕೆ ಇರುವಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಎಂಇಜಿ, ಅಂದರೆ ಮ್ಯಾಗ್ನೆಟೋಎನ್ಸೆಫಲೋಗ್ರಫಿ ಯಂತ್ರವು ಅಯಸ್ಕಾಂತದಿಂದ ಮೂರ್ಛೆರೋಗವನ್ನು ಎಳೆದು ತೆಗೆಯುತ್ತದೆ ಎಂಬ ಕಲ್ಪನೆ ಹುಟ್ಟುವುದು ಸುಲಭ. ಸಂಗತಿ ಇದಕ್ಕೆ ತದ್ವಿರುದ್ಧವಾಗಿದೆ. ಎಂಆರ್‌ಐ ಯಂತ್ರದಂತೆ ಇದು ಪ್ರಬಲ ಕಾಂತಕ್ಷೇತ್ರವನ್ನು ದೇಹಕ್ಕೆ ಒಡ್ಡುವುದಿಲ್ಲ, ಎಕ್ಸ್‌ರೇಯಂತೆ ವಿಕಿರಣವನ್ನೂ ಹಾಯಿಸುವುದಿಲ್ಲ. ಸಾವಿರಾರು ನರಕೋಶಗಳು ಒಮ್ಮೆಗೇ ಚುರುಕುಗೊಂಡಾಗ ಹರಿಯುವ ವಿದ್ಯುತ್ತಿನ ಸುತ್ತ ತಾನಾಗಿ ಏಳುವ, ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು ಹತ್ತು ಕೋಟಿ ಪಟ್ಟು ಕ್ಷೀಣವಾದ ಕ್ಷೇತ್ರವನ್ನು ಸುಮ್ಮನೆ ದಾಖಲಿಸುತ್ತದೆ. 1968ರಲ್ಲಿ ಅಮೆರಿಕದ ಡೇವಿಡ್ ಕೋಹೆನ್ ಇದನ್ನು ಮೊದಲು ಅಳೆದರು. ನಿಮ್ಹಾನ್ಸ್ ಯಂತ್ರದ ಶಿರಸ್ತ್ರಾಣದಂಥ ಭಾಗದಲ್ಲಿ 306 ಸಂವೇದಕಗಳಿದ್ದು, ದ್ರವ ಹೀಲಿಯಂ ಅವುಗಳನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸುತ್ತದೆ. ಹೊರಗೆ ಓಡಾಡುವ ವಾಹನವೂ ದಾಖಲೆಯನ್ನು ಕೆಡಿಸಬಲ್ಲದಾದ್ದರಿಂದ ಕೋಣೆಯ ಗೋಡೆಗಳಿಗೆ ವಿಶೇಷ ಲೋಹದ ಕವಚವಿರುತ್ತದೆ. ರೋಗಿಯ ಕಿವಿಯೋಲೆ, ಕಾಲುಂಗುರ, ಬಟ್ಟೆಯ ಹುಕ್ಕುಗಳನ್ನೂ ತೆಗೆಸಲಾಗುತ್ತದೆ. ಕೀಲಿಕೈಗೆ ಈ ಕೋಣೆಯಲ್ಲಿ ಪ್ರವೇಶವೇ ಇಲ್ಲ.

ಪರೀಕ್ಷೆಯ ವೇಳೆ ಫಿಟ್ಸ್ ಬರಲೇಬೇಕೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಎರಡು ಸೆಳವುಗಳ ನಡುವಿನ ಕಾಲದಲ್ಲೂ ರೋಗಮೂಲದ ಭಾಗ ಆಗಾಗ ಕ್ಷಣಿಕ ಮಿಡಿತಗಳನ್ನು ಹೊಮ್ಮಿಸುತ್ತದೆ, ವೈದ್ಯರು ಮುಖ್ಯವಾಗಿ ಅರಸುವುದು ಅವುಗಳನ್ನೇ. ತಲೆಬುರುಡೆಯನ್ನು ದಾಟುವಾಗ ವಿದ್ಯುತ್ ಸಂಕೇತ ಹರಡಿ ಮಸುಕಾಗುತ್ತದೆ, ಕಾಂತಕ್ಷೇತ್ರ ಹೆಚ್ಚುಕಡಿಮೆ ಹಾಗೆಯೇ ಹೊರಬರುತ್ತದೆ. ಆದ್ದರಿಂದ ಮಿಡಿತದ ಮೂಲವನ್ನು ಲೆಕ್ಕಹಾಕಿ ರೋಗಿಯ ಎಂಆರ್‌ಐ ಚಿತ್ರದ ಮೇಲೆ ಗುರುತಿಸಲು ಸಾಧ್ಯವಾಗುತ್ತದೆ.

ಹಾಗೆಂದು ಆ ಗುರುತೇ ಅಂತಿಮ ತೀರ್ಪಲ್ಲ. ಮಿದುಳಿನ ಆಳದ ಮೂಲಗಳನ್ನೂ, ತಲೆಯ ಮೇಲ್ಮೈಗೆ ಲಂಬವಾಗಿ ಹರಿಯುವ ವಿದ್ಯುತ್ತನ್ನೂ ಎಂಇಜಿ ಸರಿಯಾಗಿ ಹಿಡಿಯಲಾರದು. ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಇಇಜಿ, ಸೆಳವಿನ ವಿಡಿಯೊ ದಾಖಲೆ ಮತ್ತು ಎಂಆರ್‌ಐ ಕೂಡ ಅದೇ ಜಾಗವನ್ನು ತೋರಿಸಿದಾಗಲೇ, ರೋಗಮೂಲದ ಆ ಭಾಗವನ್ನು ತೆಗೆಯುವ ಶಸ್ತ್ರಚಿಕಿತ್ಸಕರ ನಿರ್ಧಾರ ಗಟ್ಟಿಯಾಗುತ್ತದೆ. ಮೂರ್ಛೆರೋಗಿಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ಮಾತ್ರೆಗಳಿಂದಲೇ ರೋಗ ಹತೋಟಿಗೆ ಬರುವುದರಿಂದ ಅವರಿಗೆ ಈ ಪರೀಕ್ಷೆಯ ಅಗತ್ಯವಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ತಪ್ಪದೆ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದವರನ್ನು ಮಾತ್ರ ನರರೋಗ ತಜ್ಞರ ಸಲಹೆಯಂತೆ ಇಂಥ ಕೇಂದ್ರಕ್ಕೆ ಕರೆದೊಯ್ಯಬೇಕು, ಮತ್ತು ಅದಕ್ಕೆ ವರ್ಷಗಟ್ಟಲೆ ಕಾಯಬಾರದು.