ವಾರದ ಸಭೆಗೆ ಒದಗುವ ಗಡಿನಾಡಿನ ಸಂಗೀತ ನಾಟಕ

ರೋಟರಿ, ಲಯನ್ಸ್ ಮೊದಲಾದ ಸೇವಾಸಂಸ್ಥೆಗಳೆಂದರೆ ನೇತ್ರ ತಪಾಸಣೆ, ರಕ್ತದಾನ ಶಿಬಿರ, ಶಾಲಾ ಮಕ್ಕಳಿಗೆ ನೋಟ್‌ಬುಕ್ ಹಂಚಿಕೆ ಎಂಬ ಚಿತ್ರವೇ ಸಾಮಾನ್ಯವಾಗಿ ಜನರ ಮನಸ್ಸಿನಲ್ಲಿರುವುದಾದರೂ, ಇವುಗಳನ್ನು ನೂರು ವರ್ಷಗಳಿಂದ ಕಟ್ಟಿ ಹಿಡಿದಿರುವುದು ಅವುಗಳ ನಿಯತ ಸಭೆ. 1905ರ ಫೆಬ್ರವರಿ 23ರಂದು ಶಿಕಾಗೋ ನಗರದಲ್ಲಿ ವಕೀಲ ಪಾಲ್ ಹ್ಯಾರಿಸ್ ಮೂವರು ಗೆಳೆಯರೊಡನೆ ಆರಂಭಿಸಿದ ರೋಟರಿಯಲ್ಲಿ ಸದಸ್ಯರು ಮೊದಮೊದಲು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು. ವಾರಕ್ಕೊಮ್ಮೆ ಸೇರುವ ಈ ಕಟ್ಟುಪಾಡನ್ನು 2016ರಲ್ಲಿ ಸಡಿಲಿಸಿ, ತಿಂಗಳಿಗೆ ಎರಡು ಸಭೆಗಳಾದರೂ ನಡೆದರೆ ಸಾಕೆಂದು ಮಾಡಲಾಯಿತು. ಅಧ್ಯಕ್ಷರು ಗಂಟೆ ಬಾರಿಸಿದೊಡನೆ ಆರಂಭವಾಗುವ ಸಭೆಯಲ್ಲಿ ವರದಿ, ಪ್ರಕಟಣೆ, ಹುಟ್ಟುಹಬ್ಬದ ಶುಭಾಶಯಗಳು ಮುಗಿದ ಮೇಲೆ ಅತಿಥಿಯೊಬ್ಬರ ಕಿರು ಉಪನ್ಯಾಸವಿರುತ್ತದೆ. ವೈದ್ಯರು, ವ್ಯಾಪಾರಿಗಳು, ಶಿಕ್ಷಕರು ತಮ್ಮ ವೃತ್ತಿಯಾಚೆಗಿನ ವಿಷಯವೊಂದನ್ನು ಕೂತು ಕೇಳುವುದು ಈ ಹೊತ್ತಿನಲ್ಲಿಯೇ.

ವಾರಕ್ಕೊಮ್ಮೆ ಕೂಡಿ ವಿಚಾರ ಕೇಳುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಗದಗಿನ ತೋಂಟದಾರ್ಯ ಮಠದಲ್ಲಿ ಸೋಮವಾರದ ಶಿವಾನುಭವ, ಅಂದರೆ ಶರಣರ ವಿಚಾರವನ್ನು ಮುಂದಿಟ್ಟುಕೊಂಡು ನಡೆಯುವ ಉಪನ್ಯಾಸ ಮತ್ತು ಸಂಗೀತದ ಸಭೆ, ದಶಕಗಳಿಂದ ನಡೆದುಬಂದಿದೆ. ಸಿದ್ಧರಾಮೇಶ್ವರನ ಸೊಲ್ಲಾಪುರ, ಅಕ್ಕಲಕೋಟೆ, ಅದರ ತಾಲ್ಲೂಕಿನ ನಾಗಣಸೂರಿನಂಥ ಕನ್ನಡದ ಊರುಗಳಲ್ಲಿ ಇಂಥ ಸಭೆಗಳಿಗೆ ಸ್ಥಳೀಯವಾದ ಒಂದು ವಿಷಯವನ್ನು ಆರಿಸುವುದಾದರೆ, ಸಂಗೀತ ನಾಟಕದ ಚರಿತ್ರೆಗಿಂತ ತಕ್ಕುದು ಇನ್ನೊಂದಿಲ್ಲ. ಏಕೆಂದರೆ ಕನ್ನಡ ಮತ್ತು ಮರಾಠಿ ಎರಡೂ ಭಾಷೆಗಳು ಸೇರಿ ಬೆಳೆಸಿದ ಕಲೆ ಇದು.

ಐರೋಪ್ಯರ ಒಪೆರಾದಲ್ಲಿ ಪಾತ್ರಗಳ ಸಂಭಾಷಣೆಯೂ ಬಹುಮಟ್ಟಿಗೆ ಹಾಡಿನಲ್ಲಿಯೇ ಸಾಗುತ್ತದೆ. ಭಾರತದ ಸಂಗೀತ ನಾಟಕದಲ್ಲಿ ಮಾತು ಮಾತಾಗಿಯೇ ಇದ್ದು, ಭಾವ ತುಂಬಿ ಬಂದ ಸ್ಥಳದಲ್ಲಿ ನಟನೇ ರಾಗವೆತ್ತಿ ಹಾಡುತ್ತಾನೆ. ಇದಕ್ಕೂ ಹಳೆಯ ಬೇರುಗಳು ಬಯಲಾಟದಲ್ಲಿವೆ. ಕುಲಗೋಡ ತಮ್ಮಣ್ಣನಿಂದ ಬೆಳಗಾವಿ ಸೀಮೆಯಲ್ಲಿ ಪ್ರಸಿದ್ಧಿಗೆ ಬಂದ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಮುನಿಸು, ಕೃಷ್ಣನ ಓಲೈಕೆ, ದೂತಿಯ ಚುರುಕು ಮಾತು ಇವೆಲ್ಲ ಪದಗಳ ಬೆನ್ನೇರಿ ರಾತ್ರಿಯಿಡೀ ನಡೆಯುತ್ತವೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಈ ಆಟಕ್ಕೆ ದೊಡ್ಡ ಹೆಸರು ತಂದರು.

ಮರಾಠಿ ರಂಗಭೂಮಿಯ ಹುಟ್ಟಿನ ಕಥೆಯಲ್ಲಿಯೂ ಕನ್ನಡದ ಪಾಲು ಸ್ಪಷ್ಟವಾಗಿದೆ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗ್ಲಿಗೆ ಹೋಗಿ ಆಡಿದ ಆಟಗಳನ್ನು ಕಂಡ ಮೇಲೆ, ಅಲ್ಲಿನ ಸಂಸ್ಥಾನಿಕರ ಆಶ್ರಯದಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು, ಮರಾಠಿಯವರು ತಮ್ಮ ರಂಗಭೂಮಿಯ ಆರಂಭವನ್ನು ಎಣಿಸುವುದು ಇಲ್ಲಿಂದಲೇ. ಮುಂದೆ 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿ ಸಂಗೀತ ನಾಟಕಕ್ಕೆ ನೆಲೆ ಒದಗಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ನಾಟಕಗಳ ಎಷ್ಟೋ ಪದಗಳು ಕರ್ನಾಟಕದ ಧಾಟಿಗಳಲ್ಲಿವೆ.

ಕೊಟ್ಟದ್ದು ಬೇಗನೆ ತಿರುಗಿ ಬಂದಿತು. ಮರಾಠಿ ಮಂಡಳಿಗಳು ಕನ್ನಡದ ಊರುಗಳಲ್ಲಿ ಬಿಡಾರ ಹೂಡಿ, ಕನ್ನಡಿಗರೇ ಆ ನಾಟಕಗಳಿಗೆ ಮುಗಿಬೀಳುತ್ತಿದ್ದುದನ್ನು ಕಂಡು ಮನನೊಂದ ಶಿಕ್ಷಕ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಆಡಿಸಿದರು. ಆ ನೋವು ದ್ವೇಷವಾಗದೆ ನಾಟಕವಾಯಿತೆಂಬುದನ್ನು ಗಡಿಯ ಎರಡೂ ಕಡೆಯವರು ಹೆಮ್ಮೆಯಿಂದ ನೆನೆಯಬೇಕು. ಆಮೇಲೆ ಕೊಣ್ಣೂರು ಕಂಪನಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ಕಂಪನಿ ಒಂದರ ಹಿಂದೊಂದು ಬಂದವು. ವಾಮನರಾಯರ ಕಂಪನಿಯಲ್ಲಿ ಬಾಲನಟನಾಗಿ ಹಾಡುತ್ತಿದ್ದ ಮಲ್ಲಿಕಾರ್ಜುನ ಮನಸೂರರ ಕಂಠವನ್ನು ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದವರು ಮೀರಜದ ನೀಲಕಂಠಬುವಾ. ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರಾಗಿ ಮೆರೆದದ್ದು ಮರಾಠಿ ರಂಗದಲ್ಲಿ.

ಈ ಕೊಡುಕೊಳ್ಳುವಿಕೆಗೆ ಪ್ರತ್ಯಕ್ಷ ಸಾಕ್ಷಿ ಬೇಕಿದ್ದರೆ ಹಳೆಯ ನಾಟಕದ ಪುಸ್ತಕವೊಂದನ್ನು ಬಿಚ್ಚಿ ನೋಡಬೇಕು. ಪದದ ನೆತ್ತಿಯ ಮೇಲೆ ರಾಗ, ತಾಳದ ಹೆಸರು, ಅದರ ಪಕ್ಕದಲ್ಲಿ ಇಂಥ ಹಾಡಿನ ಧಾಟಿ ಎಂಬ ಸೂಚನೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದುಂಟು. ಕಾಲುಪೇಟಿ, ಅಂದರೆ ಕಾಲಿನಿಂದ ತಿದಿ ಒತ್ತಿ ಎರಡೂ ಕೈಗಳಿಂದ ನುಡಿಸುವ ಹಾರ್ಮೋನಿಯಂ, ಅದರ ಮುಂದೆ ಕುಳಿತ ಮಾಸ್ತರರಿಗೆ ಅಷ್ಟು ಸೂಚನೆ ಸಾಕಾಗುತ್ತಿತ್ತು. ಕನ್ನಡ ಪದಕ್ಕೆ ಮರಾಠಿ ಧಾಟಿ, ಮರಾಠಿ ಪದಕ್ಕೆ ಕನ್ನಡ ಧಾಟಿ ಹೀಗೆ ಸಲೀಸಾಗಿ ಹೊಂದಿಕೊಂಡವು.

ಈ ವಿನಿಮಯಕ್ಕೆ ರೈಲೂ ನೆರವಾಯಿತು. ಮುಂಬಯಿಯ ಹಳಿ ಸೊಲ್ಲಾಪುರವನ್ನು ದಾಟಿ 1871ರಲ್ಲಿ ರಾಯಚೂರನ್ನು ಮುಟ್ಟಿದಾಗ ಅಕ್ಕಲಕೋಟೆ ರೋಡ್, ನಾಗಣಸೂರ, ದುಧನಿ, ಗಾಣಗಾಪುರಗಳ ಸೀಮೆ ಒಂದೇ ದಾರಿಯ ಮೇಲೆ ಬಂದಿತು. ಪರದೆ, ಪೆಟ್ಟಿಗೆ, ವೇಷಭೂಷಣಗಳನ್ನು ಹೊತ್ತು ಊರಿಂದೂರಿಗೆ ಹೋಗಬೇಕಾದ ಕಂಪನಿಗಳಿಗೆ ರೈಲಿನಷ್ಟು ಅನುಕೂಲವಾದ ವಾಹನ ಬೇರೆ ಇರಲಿಲ್ಲ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದ್ದೂ, ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆ ಹುಟ್ಟಿ ಬೆಳೆದದ್ದೂ ಸೊಲ್ಲಾಪುರದಲ್ಲಿಯೇ ಎಂಬುದನ್ನು ಗಮನಿಸಿದರೆ, ಇಲ್ಲಿ ಕನ್ನಡ ಕೇಳುವ ಕಿವಿಗಳಿಗೆ ಕೊರತೆಯಿರಲಿಲ್ಲವೆಂಬುದು ತಿಳಿಯುತ್ತದೆ.

ಸೇವಾಸಂಸ್ಥೆಯ ಸಭೆಯೊಂದು ಈ ವಿಷಯವನ್ನು ಎತ್ತಿಕೊಂಡರೆ ಉಪನ್ಯಾಸಕರ ಜೊತೆಗೆ ಪೇಟಿ ಮಾಸ್ತರರೊಬ್ಬರನ್ನೂ ಕರೆಸಿ, ಒಂದೇ ಧಾಟಿಯ ಮರಾಠಿ ಪದವನ್ನೂ ಕನ್ನಡ ಪದವನ್ನೂ ಒಂದಾದ ಮೇಲೊಂದು ಹಾಡಿಸಬಹುದು. ಪಾರಿಜಾತದ ಪದ ಬಲ್ಲ ಹಿರಿಯರಿದ್ದರೆ ಅವರ ಹಾಡನ್ನು ಧ್ವನಿಮುದ್ರಿಸಿಕೊಂಡು, ಮನೆಗಳಲ್ಲಿ ಉಳಿದಿರುವ ಕೈಬರಹದ ಪದಗಳ ವಹಿಗಳನ್ನು ನಕಲು ಮಾಡಿಸಿ ಊರಿನ ವಾಚನಾಲಯಕ್ಕೆ ಒಪ್ಪಿಸಬಹುದು.