ಕೈತೋಟಕ್ಕೆ ಯಾವ ಸೌತೆ ಬೀಜ?



ಆವತಿ ಕಡೆಯ ಸಂಘಗಳ ಸಭೆಗೆ ಹೋದಾಗ ನಮ್ಮನ್ನು ಆಗಾಗ ಕೇಳುವ ಮಾತಿದು: "ಸಿಸ್ಟರ್, ಮನೆ ಹಿಂದೆ ನಾಲ್ಕು ಗುಣಿ ಸೌತೆ ಹಾಕ್ಬೇಕು, ಯಾವ ಬೀಜ ತರೋಣ?" ಅಂಗಡಿಯಲ್ಲಿ ಎಲ್ಲಾ ಪೊಟ್ಟಣದ ಮೇಲೂ ಚೆಂದದ ಕಾಯಿಯೇ ಇರುತ್ತದೆ. ಹಾಗಾಗಿ ಚಿತ್ರ ನೋಡಿ ತರಬೇಡಿ.

ಒಬ್ಬ ಸಹೋದರಿ ಪಾಲಿಹೌಸಿನಲ್ಲಿ ಬೆಳೆದ ಸೌತೆ ನೋಡಿ ಅದೇ ದುಬಾರಿ ಬೀಜ ತಂದರು. ಕಾಯಿಯೇನೋ ಬಂತು. ಮುಂದಿನ ಬೆಳೆಗೆ ಬೀಜ ಬೇಕೆಂದು ಒಂದು ಕಾಯಿ ಹಣ್ಣಾಗಲು ಬಿಟ್ಟು ಸೀಳಿದರೆ ಒಳಗೆ ಬೀಜವೇ ಇಲ್ಲ! ಜೇನುನೊಣ ಬಾರದ ಮನೆಯೊಳಗೆ, ಪರಾಗ ಬೀಳದೆಯೇ ಕಾಯಿ ಕಟ್ಟುವ ಜಾತಿ ಅದು. ಮೊದಲೇ ಹೇಳದೇ ಇದ್ದದ್ದು ನಮ್ಮ ತಪ್ಪೂ ಹೌದು. ಬೇರೆ ಹೈಬ್ರಿಡ್‌ಗಳಲ್ಲಿ ಬೀಜ ಸಿಗುತ್ತದೆ, ಆದರೆ ಬಿತ್ತಿದರೆ ತಾಯಿಬಳ್ಳಿಯ ಗುಣ ಬರುವುದಿಲ್ಲ. ಪ್ರತಿ ಸಲವೂ ಅಂಗಡಿಗೇ ಹೋಗಬೇಕು. ಕಂಪನಿಯವರು ಒಪ್ಪಂದದ ಮೇಲೆ ಬೆಳೆಸುವ ಮಿಡಿ ಸೌತೆ ಉಪ್ಪಿನಕಾಯಿಗೆಂದು ಹೊರದೇಶಕ್ಕೆ ಹೋಗುವಂಥದ್ದು, ಅದು ಕೈತೋಟದ ಮಾತಲ್ಲ ಬಿಡಿ.

ಹಾಗಾದರೆ ಯಾವುದು? ಮೊದಲು ನಿಮ್ಮ ಅಡಿಗೆಮನೆಯನ್ನು ಕೇಳಿ. ಕೋಸಂಬರಿಗೆ, ಮಕ್ಕಳು ಹಸಿಯಾಗಿ ತಿನ್ನಲು ಆದರೆ ಎಳೆ ಸೌತೆಯ ನಾಟಿ ಬೀಜ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಶೀತಲ್' ಕೂಡ ಹಸಿಯಾಗಿ ತಿನ್ನುವಂಥದ್ದೇ, ಕಹಿ ಇರುವುದಿಲ್ಲ. ಹುಳಿಗೆ, ಸಾಂಬಾರಿಗೆ ಆದರೆ ಮಂಗಳೂರು ಸೌತೆ. ನಮ್ಮ ಒಲವು ಇದರ ಕಡೆಗೇ. ಎಳೆ ಸೌತೆ ಕಿತ್ತ ಮೂರ್ನಾಲ್ಕು ದಿನಕ್ಕೇ ಬಾಡುತ್ತದೆ. ಮಂಗಳೂರು ಸೌತೆ ಬಲಿತ ಮೇಲೆ ಕಿತ್ತರೆ ತಿಂಗಳುಗಟ್ಟಲೆ ಇರುತ್ತದೆ. ಕರಾವಳಿಯ ಮನೆಗಳಲ್ಲಿ ಬಾಳೆ ನಾರಿನಿಂದ ಕಟ್ಟಿ ತೂಗುಹಾಕಿ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಾಗ ಮನೆಯಲ್ಲಿ ತರಕಾರಿ ಇರಬೇಕಲ್ಲವೇ?

ಜಾಗವಿದ್ದರೆ ಎರಡನ್ನೂ ಎರಡೆರಡು ಗುಣಿ ಹಾಕಿ. ಮಂಗಳೂರು ಸೌತೆ ಕರಬೂಜದ ಬಳಗದ್ದು, ಎಳೆ ಸೌತೆಯೊಂದಿಗೆ ಬೆರೆಯುವುದಿಲ್ಲ. ಆದರೆ ಕರಬೂಜವನ್ನಾಗಲಿ, ಅದೇ ಬಳಗದ ಅರ್ಕಾ ಶೀತಲ್ ಅನ್ನಾಗಲಿ ಅದರ ಪಕ್ಕದಲ್ಲಿ ಹಾಕಿದರೆ ಬೀಜ ಕಲಬೆರಕೆ ಆಗುತ್ತದೆ.

ಚಳಿಯಲ್ಲಿ ಬೀಜ ಸರಿಯಾಗಿ ಮೊಳೆಯದು. ಜನವರಿ ಕೊನೆಗೋ, ಜೂನ್ ಮಳೆಗೋ ಹಾಕಿ. ಮೊದಲು ಬರುವುದು ಗಂಡು ಹೂ, ಉದುರಿಹೋಗುತ್ತದೆ. ಕಾಯಿ ಕಟ್ಟಲಿಲ್ಲ ಅಂತ ಬಳ್ಳಿ ಕೀಳಬೇಡಿ. ಬುಡದಲ್ಲಿ ಪುಟ್ಟ ಮಿಡಿ ಇರುವುದೇ ಹೆಣ್ಣು ಹೂ. ಅಕ್ಕಿ, ತರಕಾರಿ ತೊಳೆದ ನೀರು ದಿನವೂ ಹಾಕಿ. ಬಿಸಿಲಲ್ಲಿ ಬಳ್ಳಿ ಬಾಯಾರಿದರೆ ಕಾಯಿ ಕಹಿಯಾಗಬಹುದು. ತೊಟ್ಟು ಕತ್ತರಿಸಿ ಉಜ್ಜಿದರೆ ಕಹಿ ಪೂರ್ತಿ ಹೋಗುವುದಿಲ್ಲ. ಬಹಳ ಕಹಿಯಾದರೆ ತಿನ್ನದೆ ಎಸೆಯಿರಿ, ಆ ಬಳ್ಳಿಯ ಬೀಜವೂ ಬೇಡ.

ಬೀಜಕ್ಕೆ ಒಳ್ಳೆಯ ಬಳ್ಳಿಯ ಒಂದು ಕಾಯಿಯನ್ನು ಪೂರ್ತಿ ಹಣ್ಣಾಗಲು ಬಿಡಿ. ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ಬೀಜ ತೊಳೆದು, ನೆರಳಲ್ಲಿ ಒಣಗಿಸಿ ಬೂದಿಯಲ್ಲಿಡಿ. ಒಂದು ಹಣ್ಣಿನಲ್ಲೇ ಇಡೀ ಸಂಘಕ್ಕೆ ಹಂಚುವಷ್ಟು ಬೀಜ ಇರುತ್ತದೆ. ಸಭೆಗೆ ಬರುವಾಗ ತನ್ನಿ, ಪೊಟ್ಟಣದ ಮೇಲೆ ತಳಿಯ ಹೆಸರು ಬರೆಯಲು ಮರೆಯಬೇಡಿ.