ಬೆಟ್ಟಕ್ಕೆ ಇಳಿಯುವವರು: ಬುಷ್‌ವಾಕಿಂಗ್ ಕುರಿತ ತಪ್ಪು ಕಲ್ಪನೆಗಳೂ ಸತ್ಯವೂ

ಆಸ್ಟ್ರೇಲಿಯದ ಜನರು ತಮ್ಮ ನಾಡಿನ ಕಾಡು, ಕುರುಚಲು, ಬಂಡೆಬಯಲು, ಕಣಿವೆಗಳೆಲ್ಲವನ್ನೂ ‘ಬುಷ್’ ಎಂಬ ಒಂದೇ ಮಾತಿನಿಂದ ಕರೆಯುವರು. ಅಲ್ಲಿ ಕಾಲ್ನಡಿಗೆಯಲ್ಲಿ ಸಂಚರಿಸುವುದೇ ಬುಷ್‌ವಾಕಿಂಗ್. ಇದಕ್ಕೆಂದೇ ಕಟ್ಟಿಕೊಂಡ ಸಂಘಗಳು ಅಲ್ಲಿ ಹೊಸವಲ್ಲ. ಮೈಲ್ಸ್ ಡನ್‌ಫಿ ಮೊದಲಾದವರು ಸಿಡ್ನಿಯಲ್ಲಿ 1914ರಷ್ಟು ಹಿಂದೆಯೇ ಮೌಂಟನ್ ಟ್ರೇಲ್ಸ್ ಕ್ಲಬ್ಬನ್ನು ಸ್ಥಾಪಿಸಿದರು. ಅದು ಪುರುಷರಿಗೆ ಮಾತ್ರ ಮೀಸಲಾಗಿದ್ದುದರಿಂದ, ಸ್ತ್ರೀಯರಿಗೂ ಪ್ರವೇಶವುಳ್ಳ ಸಿಡ್ನಿ ಬುಷ್ ವಾಕರ್ಸ್ ಎಂಬ ಸಂಘವು 1927ರಲ್ಲಿ ಉದಯಿಸಿತು. ಬೆಳಗಿನ ರೈಲಿನಲ್ಲಿ ಹೊರಟು ಸಂಜೆಗೆ ಮರಳುವ ಒಂದು ದಿನದ ಸಾಮೂಹಿಕ ನಡಿಗೆ ಇಂತಹ ಸಂಘಗಳ ನಿತ್ಯದ ಅನ್ನ. ಸಿಡ್ನಿಯಲ್ಲಿ ನೆಲಸಿ ಇಂತಹದೊಂದು ಸಂಘದೊಡನೆ ಹಲವು ವರ್ಷ ನಡೆದಿರುವ ನನಗೆ, ನಮ್ಮ ಕನ್ನಡಿಗ ಬಂಧುಗಳ ಮನೆಗಳಲ್ಲಿ ಈ ನಡಿಗೆಯ ವಿಷಯ ಬಂದಾಗಲೆಲ್ಲ ಕೇಳಿಬರುವ ಕೆಲವು ನಂಬಿಕೆಗಳನ್ನು ತಿದ್ದದೆ ಬಿಡುವುದು ಸರಿಯಲ್ಲವೆಂದು ತೋರಿದೆ. ಏಕೆಂದರೆ ಅವುಗಳಲ್ಲಿ ಕೆಲವು ಜೀವಕ್ಕೇ ಎರವಾಗಬಲ್ಲವು.

ಮೊದಲನೆಯ ಭ್ರಮೆ ‘ಬೆಟ್ಟ’ ಎಂಬ ಮಾತಿನಿಂದಲೇ ಹುಟ್ಟತಕ್ಕದ್ದು. ಚಾಮುಂಡಿಬೆಟ್ಟವನ್ನೋ ಶಿವಗಂಗೆಯನ್ನೋ ಹತ್ತಿ ಬೆಳೆದವರಿಗೆ ಬೆಟ್ಟವೆಂದರೆ ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ, ಮೆಟ್ಟಿಲೇರಿ ದರ್ಶನ ಮಾಡಿಕೊಂಡು, ದಣಿದ ಮೇಲೆ ನಿರಾಯಾಸವಾಗಿ ಇಳಿದುಬರುವ ಸ್ಥಳ. ಸಿಡ್ನಿಯ ಪಶ್ಚಿಮದಲ್ಲಿರುವ ಬ್ಲೂ ಮೌಂಟನ್ಸ್ ಹಾಗಲ್ಲ. ಹೆಸರಿಗೆ ಬೆಟ್ಟವಾದರೂ ಅದು ಮರಳುಗಲ್ಲಿನ ಒಂದು ಪ್ರಸ್ಥಭೂಮಿ. ಹೊಳೆಗಳು ಯುಗಯುಗಗಳ ಕಾಲ ಅದನ್ನು ಕೊರೆದು ಕೊರೆದು, ಗೋಡೆಯಂತೆ ನೆಟ್ಟಗೆ ನಿಂತ ಪ್ರಪಾತಗಳ ನಡುವೆ ಆಳವಾದ ಕಣಿವೆಗಳನ್ನು ತೋಡಿವೆ. 1813ರಲ್ಲಿ ಬ್ಲ್ಯಾಕ್ಸ್‌ಲ್ಯಾಂಡ್, ಲಾಸನ್, ವೆಂಟ್‌ವರ್ತ್ ಎಂಬ ಮೂವರು ವಸಾಹತುಗಾರರು ಈ ಪ್ರದೇಶವನ್ನು ದಾಟಲು ಸಮರ್ಥರಾದುದು ಕಣಿವೆಗಳನ್ನು ಬಿಟ್ಟು ಏಣಿನ ಮೇಲೆಯೇ ನಡೆದುದರಿಂದ. ಇಂದಿಗೂ ಹೆದ್ದಾರಿ, ರೈಲುಹಾದಿ, ಊರುಗಳೆಲ್ಲವೂ ಆ ಏಣಿನ ಮೇಲೆಯೇ ಇವೆ. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ ಕಟೂಂಬಾದಲ್ಲಿ ರೈಲಿನಿಂದ ಇಳಿದಾಗ ನಾವು ಆಗಲೇ ಶಿಖರದಲ್ಲಿರುತ್ತೇವೆ. ಮುಂಜಾನೆ ಮಾಡತಕ್ಕದ್ದು ಅವರೋಹಣ. ಆರೋಹಣವು ಮಧ್ಯಾಹ್ನ ಕಳೆದ ಮೇಲೆ, ಕಾಲು ಸೋತು ನೀರು ಮುಗಿಯುತ್ತ ಬಂದಾಗ. ಪೆರಿಸ್ ಲುಕ್‌ಡೌನ್ ಎಂಬಲ್ಲಿಂದ ಗ್ರೋಸ್ ನದಿಯ ಕಣಿವೆಗೆ 600 ಮೀಟರಿಗೂ ಮಿಗಿಲಾದ ಇಳಿಜಾರಿದೆ. ಸಮನೆಲದಲ್ಲಿ ಗಂಟೆಗೆ 3 ಮೈಲಿ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ ಎಂದು ಸ್ಕಾಟ್ಲೆಂಡಿನ ನೇಸ್ಮಿತ್ ಎಂಬಾತ 1892ರಲ್ಲಿ ಹಾಕಿಕೊಟ್ಟ ಲೆಕ್ಕವನ್ನು ನಡಿಗೆಯ ಮುಂದಾಳುಗಳು ಇಂದಿಗೂ ಬಳಸುವರು. ಆ ಲೆಕ್ಕದ ಹೆಚ್ಚುವರಿ ಗಂಟೆ ಇಲ್ಲಿ ಬೀಳುವುದು ದಿನದ ಕೊನೆಗೆ, ಅದೂ ಗಟ್ಟಿ ಕಾಲಿನವರಿಗಾದರೆ. “ಇಷ್ಟು ಸುಲಭವಾಗಿ ಬಂದುಬಿಟ್ಟೆವಲ್ಲ” ಎಂದು ಕಣಿವೆಯ ತಳದಲ್ಲಿ ಹಿಗ್ಗುವವರನ್ನು ಕಂಡಾಗ ನನಗೆ ಮರುಕವುಂಟಾಗುವುದು.

ಇದರ ಜೊತೆಗೇ ದಿಕ್ಕಿನ ಭ್ರಮೆಯನ್ನೂ ಹೇಳಿಬಿಡಬೇಕು. ಸೂರ್ಯನನ್ನು ನೋಡಿ ದಿಕ್ಕು ಹೇಳಬಲ್ಲೆವೆಂಬ ನಂಬಿಕೆ ಹಳ್ಳಿಗಾಡಿನಿಂದ ಬಂದ ನಮ್ಮಲ್ಲಿ ಬಲವಾಗಿದೆ. ಕರ್ನಾಟಕದಲ್ಲಿ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯನು ನೆತ್ತಿಯಿಂದ ದಕ್ಷಿಣಕ್ಕೆ ಸರಿದಿರುವನಾದುದರಿಂದ, ಅವನಿಗೆ ಮುಖ ಮಾಡಿ ನಿಂತರೆ ಪೂರ್ವವು ಎಡಗೈಯ ಕಡೆಗೆ. ಸಿಡ್ನಿಯಲ್ಲಿ ಅವನು ಯಾವ ಋತುವಿನಲ್ಲಿಯೂ ಉತ್ತರದಲ್ಲಿಯೇ. ಅಲ್ಲಿ ಪೂರ್ವವು ಬಲಗೈಯ ಕಡೆಗೆ. ಎಳೆತನದಿಂದ ಮೈಗೂಡಿದ ಈ ಅರಿವು ತಲೆಕೆಳಗಾದುದನ್ನು ಬುದ್ಧಿ ಒಪ್ಪಿದರೂ ಕಾಲು ಒಪ್ಪುವುದಿಲ್ಲ. ಮೊದಲ ವರ್ಷದ ಒಂದು ನಡಿಗೆಯಲ್ಲಿ, ಹಾದಿ ಕವಲೊಡೆದಲ್ಲಿ ನಾನು ಸಂದೇಹವೇ ಇಲ್ಲದೆ ಕೈಮಾಡಿ ತೋರಿದುದು ಊರಿಗೆ ನೇರ ವಿರುದ್ಧವಾದ ದಿಕ್ಕು. ದಿಕ್ಸೂಚಿಯನ್ನು ಇಟ್ಟುಕೊಂಡರೂ ಎಚ್ಚರ ಬೇಕು: ಅಲ್ಲಿ ಅದರ ಮುಳ್ಳು ನಿಜವಾದ ಉತ್ತರಕ್ಕಿಂತ ಸುಮಾರು 12 ಡಿಗ್ರಿಗಳಷ್ಟು ಪೂರ್ವಕ್ಕೆ ವಾಲಿ ನಿಲ್ಲುವುದು.

ಈ ನಡಿಗೆ ಯುವಕರಿಗೆ, ಕಟ್ಟುಮಸ್ತಾದವರಿಗೆ ಮಾತ್ರ ಎಂಬುದು ಇನ್ನೊಂದು ಮಾತು. ಸಂಘಗಳ ಕಾರ್ಯಕ್ರಮಪಟ್ಟಿಯಲ್ಲಿ ಪ್ರತಿಯೊಂದು ನಡಿಗೆಗೂ ದೂರ, ಏರಿಳಿತ, ಹಾದಿಯ ಒರಟುತನಗಳಿಗೆ ಅನುಸಾರವಾಗಿ ಸುಲಭ, ಮಧ್ಯಮ, ಕಠಿಣ ಎಂಬ ದರ್ಜೆಯನ್ನು ನಮೂದಿಸಿರುವರು. ಸಾರ್ವಜನಿಕ ಹಾದಿಗಳಿಗೂ ಆ ದೇಶದಲ್ಲಿ 1ರಿಂದ 5ರವರೆಗೆ ದರ್ಜೆಗಳುಂಟು. ನಮ್ಮ ಸಂಘದಲ್ಲಿ ಎಪ್ಪತ್ತು ದಾಟಿದವರು ತಮಗೆ ಒಪ್ಪುವ ದರ್ಜೆಯನ್ನು ಆರಿಸಿಕೊಂಡು ಸುಖವಾಗಿ ನಡೆಯುವರು. ತನಗೆ ಮೀರಿದುದನ್ನು ಆರಿಸಿಕೊಂಡ ಮೂವತ್ತರವನೇ ಹೆಚ್ಚಾಗಿ ಕಷ್ಟಕ್ಕೆ ಸಿಲುಕುವನು.

ಮುಂದಾಳು ಇರುವಾಗ ನಮಗೇಕೆ ಚಿಂತೆ ಎಂಬ ಭಾವನೆ ಎಲ್ಲಕ್ಕಿಂತ ಆಳವಾಗಿ ಬೇರೂರಿರುವುದು, ಮತ್ತು ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು. ಯಾತ್ರೆಯ ಬಸ್ಸಿನಲ್ಲಿ ಮೇಸ್ತ್ರಿಯೊಬ್ಬನಿರುವನು, ಅನ್ನ ನೀರುಗಳನ್ನು ಅವನೇ ಒದಗಿಸುವನು. ಆ ಅಭ್ಯಾಸದಿಂದ ಬಂದವರು ಮುಂದಾಳುವನ್ನೂ ಅಂತಹವನೆಂದೇ ಬಗೆಯುವರು. ಆತನಾದರೋ ಕೂಲಿಯವನಲ್ಲ, ವೃತ್ತಿಯವನೂ ಅಲ್ಲ; ತನ್ನ ಭಾನುವಾರವನ್ನು ಇತರರಿಗಾಗಿ ಮುಡಿಪಿಟ್ಟ ಒಬ್ಬ ಸದಸ್ಯ, ಅಷ್ಟೆ. ಎರಡು ಮೂರು ಲೀಟರ್ ನೀರು, ಊಟ, ಮಳೆಯಂಗಿ, ದೀಪ, ಅಗಲವಾದ ಬ್ಯಾಂಡೇಜು, ಇವು ಪ್ರತಿಯೊಬ್ಬನ ಚೀಲದಲ್ಲಿಯೂ ಇರತಕ್ಕದ್ದು. ಗುಂಪಿನ ವೇಗವನ್ನು ನಿರ್ಣಯಿಸುವವನೂ ಮುಂದಾಳುವಲ್ಲ. ಎಲ್ಲರಿಗಿಂತ ನಿಧಾನವಾಗಿ ನಡೆಯುವವನು. ಕಟ್ಟಕಡೆಗೆ ನಡೆಯಲು ಅನುಭವಸ್ಥನೊಬ್ಬನನ್ನು ನೇಮಿಸುವರು. ಅವನಿಗಿಂತ ಹಿಂದೆ ಯಾರೂ ಉಳಿಯಕೂಡದು. ಕವಲುಗಳಲ್ಲಿ ಎಲ್ಲರೂ ಕೂಡುವವರೆಗೆ ಮುಂದಿನವರು ಕಾಯುವರು. ಕಡೆಯವನು ಬಂದೊಡನೆ ಎದ್ದು ಹೊರಟುಬಿಡದೆ, ಅವನಿಗೂ ಉಸಿರಾಡಿಸಿಕೊಳ್ಳಲು ಬಿಡುವು ಕೊಡುವುದು ಒಳ್ಳೆಯ ಮುಂದಾಳುವಿನ ಲಕ್ಷಣ. ದೇಹಬಾಧೆಗೆಂದು ಪೊದೆಯ ಮರೆಗೆ ಹೋಗುವವನು ತನ್ನ ಚೀಲವನ್ನು ಹಾದಿಯ ಬದಿಯಲ್ಲಿಯೇ ಇಟ್ಟು ಹೋಗಬೇಕು. ಅದನ್ನು ಕಂಡು ಕಡೆಯವನು ನಿಂತು ಕಾಯುವನು. ಈ ಒಂದು ಚಿಕ್ಕ ಪದ್ಧತಿ ಎಷ್ಟು ಜನರನ್ನು ಒಂಟಿಯಾಗದಂತೆ ಕಾಪಾಡಿದೆಯೆಂಬುದನ್ನು ನೆನೆದರೆ ಅದನ್ನು ಮೊದಲು ಕಂಡುಕೊಂಡವರ ವಿವೇಕಕ್ಕೆ ತಲೆಬಾಗಬೇಕೆನಿಸುವುದು.

ಹಾದಿ ತಪ್ಪಿದವನು ಹೇಗಾದರೂ ನಡೆಯುತ್ತಲೇ ಇದ್ದರೆ ಎಲ್ಲಿಯಾದರೂ ಸೇರುವನೆಂಬುದೂ ಸುಳ್ಳು. ನಿಂತಲ್ಲಿಯೇ ನಿಂತವನನ್ನು ಹುಡುಕುವುದು ಸುಲಭ, ಪ್ರಪಾತಗಳ ನಾಡಿನಲ್ಲಿ ಅಲೆಯುವವನನ್ನು ಹುಡುಕುವುದು ಬಹು ಕಷ್ಟ. ಮೊಬೈಲು ಇದೆಯಲ್ಲ ಎನ್ನುವವರು ಕಣಿವೆಗೆ ಇಳಿದೊಡನೆ ಸಂಕೇತ ಮಾಯವಾಗುವುದನ್ನು ಕಾಣುವರು. ಇದಕ್ಕಾಗಿಯೇ ಉಪಗ್ರಹದ ಮೂಲಕ ಆಪತ್ತನ್ನು ಸಾರುವ ಅಂಗೈಯಗಲದ ಬೀಕನ್ ಯಂತ್ರವನ್ನು ಬ್ಲೂ ಮೌಂಟನ್ಸಿನಲ್ಲಿ ಪೊಲೀಸರೂ ರಾಷ್ಟ್ರೀಯ ಉದ್ಯಾನದವರೂ ನಡಿಗೆಯವರಿಗೆ ಯಾವ ಶುಲ್ಕವೂ ಇಲ್ಲದೆ ಎರವಲು ಕೊಡುವರು. ಸ್ಫಟಿಕದಂತೆ ತಿಳಿಯಾದ ಹೊಳೆಯ ನೀರೂ, ಏಣಿನ ಮೇಲಿನ ಊರುಗಳ ಕೊಳಕನ್ನು ಹೊತ್ತು ತಂದಿರಬಹುದಾದುದರಿಂದ, ಕುದಿಸದೆ ಕುಡಿಯತಕ್ಕದ್ದಲ್ಲ. ಇಂಬಳಗಳ ವಿಷಯದಲ್ಲಿ ಮಲೆನಾಡಿನವರಿಗೆ ನಾನು ಹೇಳತಕ್ಕದ್ದೇನೂ ಇಲ್ಲ.

ಹಾವಿನ ಮಾತನ್ನು ಮಾತ್ರ ವಿಸ್ತಾರವಾಗಿಯೇ ಹೇಳಬೇಕು. ಆಸ್ಟ್ರೇಲಿಯದ ಕಾಡಿಗೆ ಕಾಲಿಟ್ಟರೆ ಹಾವು ಕಡಿದೇ ತೀರುವುದು, ಕಡಿದರೆ ಸಾವೇ ಗತಿ ಎಂದು ಬಹುಮಂದಿ ನಂಬಿರುವರು. ಅತ್ಯುಗ್ರ ವಿಷದ ಹಾವುಗಳು ಅಲ್ಲಿರುವುದು ನಿಜ. ಆದರೂ ಇಡೀ ಖಂಡದಲ್ಲಿ ಹಾವು ಕಡಿದು ಸಾಯುವವರು ವರ್ಷಕ್ಕೆ ಸರಾಸರಿ ಇಬ್ಬರು ಮೂವರಷ್ಟೆ. ಅದಕ್ಕೆ ಪ್ರತಿವಿಷ ಒಂದು ಕಾರಣ, ಸರಿಯಾದ ಪ್ರಥಮ ಚಿಕಿತ್ಸೆ ಇನ್ನೊಂದು. ಗಾಯವನ್ನು ಕುಯ್ದು ರಕ್ತ ಹೀರುವುದು, ಮೇಲುಗಡೆ ಹಗ್ಗವನ್ನು ಬಿಗಿಯುವುದು, ಇವು ನಮ್ಮಲ್ಲಿರುವಂತೆ ಅಲ್ಲಿಯೂ ಇದ್ದ ಹಳೆಯ ಕ್ರಮಗಳು, ಎರಡೂ ತಪ್ಪು. ಅಲ್ಲಿನ ಹಾವುಗಳ ವಿಷವು ಹೆಚ್ಚಾಗಿ ದುಗ್ಧರಸದ ನಾಳಗಳ ಮೂಲಕ ಹರಡುವುದೆಂಬುದನ್ನೂ, ಸ್ನಾಯುಗಳು ಅಲುಗಿದಷ್ಟೂ ಅದು ಬೇಗ ಸಾಗುವುದೆಂಬುದನ್ನೂ ಅರಿತು, ಸ್ಟ್ರುವನ್ ಸದರ್ಲೆಂಡ್ ಎಂಬ ವೈದ್ಯವಿಜ್ಞಾನಿಯು ತನ್ನ ಸಹೋದ್ಯೋಗಿಗಳೊಡನೆ 1979ರಲ್ಲಿ ಹೊಸ ಕ್ರಮವನ್ನು ಪ್ರಕಟಿಸಿದನು: ಉಳುಕಿದ ಕಾಲಿಗೆ ಕಟ್ಟುವಷ್ಟು ಬಿಗಿಯಾಗಿ ಅಗಲವಾದ ಬ್ಯಾಂಡೇಜನ್ನು ಇಡೀ ಕೈಗೋ ಕಾಲಿಗೋ ಸುತ್ತಿ, ದಬ್ಬೆ ಕಟ್ಟಿ, ರೋಗಿಯನ್ನು ಒಂದು ಹೆಜ್ಜೆಯೂ ನಡೆಯಗೊಡದೆ ಸಹಾಯವನ್ನು ಅಲ್ಲಿಗೇ ಕರೆಯಿಸಬೇಕು. ಕಡಿದ ಜಾಗವನ್ನು ತೊಳೆಯಲೂಬಾರದು. ಚರ್ಮದ ಮೇಲೆ ಉಳಿದ ವಿಷದಿಂದ ಆಸ್ಪತ್ರೆಯಲ್ಲಿ ಹಾವಿನ ಜಾತಿಯನ್ನು ಪತ್ತೆಹಚ್ಚಬಹುದು. ಕಡಿತಕ್ಕೊಳಗಾದವನು ನಡೆಯಕೂಡದಾದುದರಿಂದಲೇ, ಒಬ್ಬನು ರೋಗಿಯ ಬಳಿ ಉಳಿದು ಇಬ್ಬರು ಸಹಾಯಕ್ಕೆ ಹೋಗುವಂತೆ, ಗುಂಪಿನಲ್ಲಿ ಕಡಮೆಯೆಂದರೆ ನಾಲ್ವರಿರಬೇಕೆಂಬ ನಿಯಮ. ಆದರೆ ಈ ಕ್ರಮವನ್ನು ಊರಿಗೆ ಬಂದಾಗ ಹಾಗೆಯೇ ಬಳಸತಕ್ಕದ್ದಲ್ಲ. ಆಸ್ಟ್ರೇಲಿಯದಲ್ಲಿ ಮಂಡಲದ ಹಾವುಗಳ ಕುಲವೇ ಇಲ್ಲ; ನಮ್ಮ ಕೊಳಕುಮಂಡಲದ ವಿಷವು ಕಚ್ಚಿದೆಡೆಯ ಮಾಂಸವನ್ನೇ ಕೊಳೆಯಿಸುವುದರಿಂದ, ಅದನ್ನು ಒಂದೆಡೆ ಒತ್ತಿ ಹಿಡಿದರೆ ಕೇಡು ಹೆಚ್ಚುವ ಸಂಭವವುಂಟು. ನಮ್ಮೂರಿನಲ್ಲಿ ಅಂಗವನ್ನು ಅಲುಗಿಸದೆ ಬೇಗನೆ ಆಸ್ಪತ್ರೆ ಸೇರುವುದೇ ದಾರಿ.

ಈ ನಡಿಗೆಯವರು ಬರಿಯ ವಿನೋದಕ್ಕೆ ಅಲೆಯುವವರು ಎಂಬ ತಿರಸ್ಕಾರಕ್ಕೆ ಉತ್ತರವಾಗಿ ಗ್ರೋಸ್ ಕಣಿವೆಯ ಬ್ಲೂ ಗಮ್ ಕಾಡಿನ ಕಥೆಯನ್ನು ಹೇಳುವೆನು. 1931ರ ಈಸ್ಟರ್ ರಜೆಯಲ್ಲಿ ಅಲ್ಲಿ ಬೀಡುಬಿಟ್ಟಿದ್ದ ನಡಿಗೆಯವರಿಗೆ, ಆ ನೆಲವನ್ನು ಗುತ್ತಿಗೆ ಹಿಡಿದಿದ್ದವನು ಮುಗಿಲೆತ್ತರದ ಆ ನೀಲಗಿರಿ ಜಾತಿಯ ಮರಗಳನ್ನು ಕಡಿದು ವಾಲ್‌ನಟ್ ತೋಟ ಹಾಕಲಿರುವನೆಂಬುದು ತಿಳಿಯಿತು. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ತತ್ತರಿಸುತ್ತಿದ್ದ ಕಾಲವದು. ಆದರೂ ಮೌಂಟನ್ ಟ್ರೇಲ್ಸ್ ಮತ್ತು ಸಿಡ್ನಿ ಬುಷ್ ವಾಕರ್ಸ್ ಸಂಘದವರು ಕೂಡಿ, ಅದೇ ನವೆಂಬರಿನಲ್ಲಿ ಸುರಿಯುವ ಮಳೆಯಲ್ಲಿ ಕಾಡಿನೊಳಗೇ ಅವನೊಡನೆ ಸಭೆ ಸೇರಿ, 130 ಪೌಂಡುಗಳಿಗೆ ಅವನ ಹಕ್ಕನ್ನು ಬಿಡಿಸಿಕೊಂಡರು. ಸಂಗ್ರಹಿಸಿದುದು ಸಾಲದೆ ಸಾಲವನ್ನೂ ಮಾಡಿದರು. ಮರುವರ್ಷ ಆ ಕಾಡು ಸಾರ್ವಜನಿಕರ ಸ್ವತ್ತಾಯಿತು. ಅದನ್ನು ಒಳಗೊಂಡ ಗ್ರೇಟರ್ ಬ್ಲೂ ಮೌಂಟನ್ಸ್ ಪ್ರದೇಶವು 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2019-20ರ ಬೇಸಗೆಯಲ್ಲಿ ಆ ಪ್ರದೇಶದ ಬಹುಪಾಲು ಬೆಂಕಿಗೆ ತುತ್ತಾಯಿತು. ಕಡುಬೇಸಗೆಯಲ್ಲಿ ಬೆಂಕಿಯ ಎಚ್ಚರಿಕೆ ಹೊರಟ ದಿನ ನಡಿಗೆಯನ್ನು ರದ್ದು ಮಾಡಿದರೆ ಅಂಜುಬುರುಕತನವೆಂದು ಮೂದಲಿಸುವವರು ಆ ಕರಿಕಾದ ಬೊಡ್ಡೆಗಳನ್ನೊಮ್ಮೆ ಮುಟ್ಟಿ ನೋಡಬೇಕು.

ಹಾದಿ ಮುಗಿದು ರಸ್ತೆ ಕಂಡೊಡನೆ ನಡಿಗೆ ಮುಗಿಯಿತೆಂದು ಭಾವಿಸಿ, ಹೇಳದೆ ಕೇಳದೆ ಮನೆಯ ಕಡೆಗೆ ತಿರುಗುವವರು ಹೊಸಬರಲ್ಲಿ ಪದೇ ಪದೇ ಕಾಣಸಿಗುವರು. ಅಂತಹ ಒಬ್ಬನಿಗಾಗಿ, ಕತ್ತಲು ಕವಿಯುತ್ತಿರುವಾಗ, ಹನ್ನೊಂದು ಜನ ಮತ್ತೆ ಕಣಿವೆಗಿಳಿದು ಕೂಗಿ ಕೂಗಿ ಹುಡುಕಿದ ಸಂಜೆಯೊಂದು ನನ್ನ ನೆನಪಿನಲ್ಲಿದೆ. ಹೀಗಾಗದಿರಲೆಂದೇ, ನಡಿಗೆಯ ಕೊನೆಗೆ ಮುಂದಾಳುವು ತನ್ನ ಪಟ್ಟಿಯನ್ನು ತೆಗೆದು, ಬೆಳಿಗ್ಗೆ ಬರೆದುಕೊಂಡ ಹೆಸರುಗಳನ್ನು ಒಂದೊಂದಾಗಿ ಕೂಗಿ ಗುರುತು ಹಾಕುವನು. ಆ ಬಳಿಕವೂ, ಕಡೆಯ ಸದಸ್ಯನ ಕಾರು ಚಾಲೂ ಆಗಿ ರಸ್ತೆಗೆ ಬರುವ ತನಕ, ತನ್ನ ಕಾರಿನ ಪಕ್ಕದಲ್ಲಿ ನಿಂತೇ ಇರುವನು.